ಹಾಲಿನ ಕಾರ್ಖಾನೆಯ ಕೆಲಸ ಗೇಟಿನ ಹೊರಗೇ ಜಾಸ್ತಿ

ವಿದೇಶಿ ಕಂಪನಿಯೊಂದು ಎಲ್ಲೋ ಹಾಲಿನ ಕಾರ್ಖಾನೆ ಕಟ್ಟುತ್ತದೆ, ಇಷ್ಟು ಕೋಟಿ, ಇಷ್ಟು ಉದ್ಯೋಗ ಅಂತ ಸುದ್ದಿ ಬಂದರೆ ಸಾಕು, ಮಂಡ್ಯ ಕಡೆ ‘ನಮ್ಮೂರಿಗೂ ಒಂದು ಬರಬಾರದಾ’ ಅಂತ ಮಾತು ಶುರುವಾಗುತ್ತದೆ. ಬರಲಿ. ಆದರೆ ಗೇಟಿನ ಒಳಗೆ ಜಾಸ್ತಿ ಜನ ಬೇಕಾಗುವುದಿಲ್ಲ.

ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಪುಡಿ ಮಾಡಬೇಕೆಂದರೆ ಅದನ್ನು ಓಡಿಸಬೇಕು. ಮೊದಲು ಗಾಳಿಯ ಒತ್ತಡ ಇಳಿಸಿ 60–70 ಡಿಗ್ರಿಯಲ್ಲೇ ಕುದಿಸುತ್ತಾರೆ, ಇಲ್ಲದಿದ್ದರೆ ಬಣ್ಣ, ರುಚಿ ಎರಡೂ ಕೆಡುತ್ತವೆ. ಆಮೇಲೆ ಗಟ್ಟಿ ಹಾಲನ್ನು 180 ಡಿಗ್ರಿ ಆಸುಪಾಸಿನ ಬಿಸಿ ಗಾಳಿಯೊಳಗೆ ಮಂಜಿನ ಹಾಗೆ ಸಿಂಪಡಿಸುತ್ತಾರೆ. ಹನಿ ಸೀಯುವುದಿಲ್ಲ! ನೀರು ಆವಿಯಾಗುವಾಗ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ, ಕ್ಷಣಗಳಲ್ಲಿ ಪುಡಿ ಕೆಳಗೆ ಬೀಳುತ್ತದೆ. ಎಲ್ಲ ಮುಚ್ಚಿದ ಪೈಪಿನಲ್ಲಿ, ಯಾರ ಕೈಯೂ ತಾಗಬಾರದು. ಸ್ಕ್ರೀನ್ ನೋಡಲು ನಾಲ್ಕು ಜನ ಇದ್ದರಾಯಿತು.

ಜನ ಬೇಕಾಗುವುದು ಹಳ್ಳಿಯಲ್ಲಿ. ಕರೆದ ಹಾಲು ಮೈಶಾಖದಲ್ಲೇ ಇದ್ದರೆ ಕೆಲವು ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಎರಡರಷ್ಟಾಗುತ್ತವೆ. 4 ಡಿಗ್ರಿಗೆ ಇಳಿಸಿದರೆ ಅವು ಸಾಯುವುದಿಲ್ಲ, ಸುಮ್ನೆ ನಿಧಾನವಾಗುತ್ತವೆ, ಅಷ್ಟೇ. ಹಾಗಾಗಿ ಕೂಲರ್ ಹಸುವಿನ ಹತ್ತಿರವೇ ಇರಬೇಕು. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿ ಚೀಟಿ ಕೊಡುವವರು, ಟ್ಯಾಂಕರ್ ಡ್ರೈವರ್, ಪಶುವೈದ್ಯರು, ಮೇವು ಮಾರುವವರು, ಎಲ್ಲರೂ ಇದರ ಸುತ್ತ.

ಸ್ವಿಟ್ಜರ್ಲೆಂಡಿನ ನೆಸ್ಲೆ 1961ರಲ್ಲಿ ಪಂಜಾಬಿನ ಮೋಗಾದಲ್ಲಿ ಶುರು ಮಾಡಿದಾಗ ಹಾಲು ಹಾಕುತ್ತಿದ್ದವರು ಬರೀ 180 ರೈತರು. ಕೂಲರ್ ಇಟ್ಟು, ಪಶುವೈದ್ಯರನ್ನು ಕಳಿಸಿ, ಬೋರ್‌ವೆಲ್‌ಗೆ ಸಾಲ ಕೊಟ್ಟು, 2000ದ ದಶಕದ ಹೊತ್ತಿಗೆ ಅದು 75,000 ದಾಟಿತು. ಅದೇ ಕಂಪನಿ 1989ರಿಂದ ನಮ್ಮ ನಂಜನಗೂಡಿನಲ್ಲೂ ಇದೆ, ಆದರೆ ಅಲ್ಲಿ ಮುಖ್ಯವಾಗಿ ಮಾಡುವುದು ಇನ್‌ಸ್ಟಂಟ್ ಕಾಫಿ. ಕಾಫಿ ಬೀಜ ಮೂಟೆಯಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ, ಎಲ್ಲಿಂದ ಬೇಕಾದರೂ ಲಾರಿಯಲ್ಲಿ ಬರುತ್ತದೆ. ಅದಕ್ಕೆ ಸುತ್ತಲ ಹಳ್ಳಿಯ ಹಂಗಿಲ್ಲ, ಅಲ್ವಾ?

ಇನ್ನು ಮಂಡ್ಯದ ಮಾತು. ಇಲ್ಲಿ ಮನ್‌ಮುಲ್ (ಮಂಡ್ಯ ಜಿಲ್ಲಾ ಹಾಲು ಒಕ್ಕೂಟ) ಸಂಘಗಳು ಆಗಲೇ ಊರೂರಲ್ಲಿ ಹಾಲು ಎತ್ತುತ್ತಿವೆ, ಗೆಜ್ಜಲಗೆರೆಯಲ್ಲಿ ದೊಡ್ಡ ಡೈರಿಯೇ ಇದೆ. ಹೊರಗಿನವರು ಬಂದು ಅದೇ ಹಾಲನ್ನು ಒಂದೆರಡು ರೂಪಾಯಿ ಜಾಸ್ತಿ ಕೊಟ್ಟು ಎತ್ತಿಕೊಂಡರೆ ರೈತರಿಗೆ ಲಾಭವಾಗಬಹುದು, ಹೊಸ ಕೆಲಸ ಅಷ್ಟಾಗಿ ಹುಟ್ಟುವುದಿಲ್ಲ. ಹೊಸ ಹಾಲು ಹುಟ್ಟಬೇಕು. ಅದಕ್ಕೆ ಮೇವು ಬೇಕು, ಮೇವಿಗೆ ನಾಲೆಯಲ್ಲಿ ನೀರು ಬೇಕು.