ನ್ಯೂಯಾರ್ಕ್ ಆಕಾಶದಲ್ಲೊಂದು ಓಣಿ

ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ, ಸಾವಿರ ಅಡಿ ಎತ್ತರದಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಪುಟ್ಟ ವಿಮಾನ ಓಡಿಸಿಕೊಂಡು ಹೋಗಬಹುದು. ಉತ್ತರಕ್ಕೆ ಹೊರಟಿದ್ದರೆ ಬಲಗಡೆ ಮ್ಯಾನ್‌ಹ್ಯಾಟನ್. ಅಲ್ಲಿನ ದೊಡ್ಡ ಕಟ್ಟಡಗಳ ತುದಿ ನೋಡಲು ಪೈಲಟ್ಟೇ ಕತ್ತೆತ್ತಬೇಕು. ಎಡಗಡೆ ನ್ಯೂಜೆರ್ಸಿ. ಸುತ್ತಮುತ್ತ ಜೆಎಫ್‌ಕೆ, ಲಗಾರ್ಡಿಯಾ, ನ್ಯೂವಾರ್ಕ್, ಅಂದರೆ ಮೂರು ದೈತ್ಯ ವಿಮಾನ ನಿಲ್ದಾಣಗಳು. ನಡುವೆ ಭಾನುವಾರ ಹವ್ಯಾಸಕ್ಕೆ ಹಾರುವ ಒಬ್ಬರು, ನಾಲ್ಕು ಸೀಟಿನ ಸೆಸ್ನಾದಲ್ಲಿ, ವಿಮಾನಗಳ ಓಡಾಟ ನಿಯಂತ್ರಿಸುವ ಟವರ್‌ನವರನ್ನು ಒಂದು ಮಾತೂ ಕೇಳದೆ ಲಿಬರ್ಟಿ ಪ್ರತಿಮೆ ನೋಡಿಕೊಂಡು ಬರುತ್ತಾರೆ.

ನಮ್ಮ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಹಾರುವವರಿಗೆ ಇದನ್ನು ಹೇಳಿದರೆ ನಕ್ಕಾರು. ಅಲ್ಲಿ ಪಕ್ಕದಲ್ಲೇ ಯಲಹಂಕ ವಾಯುನೆಲೆ, ಉತ್ತರಕ್ಕೆ ದೇವನಹಳ್ಳಿ ವಿಮಾನ ನಿಲ್ದಾಣ. ಒಂದೂರಿಂದ ಇನ್ನೊಂದೂರಿಗೆ ಹೋಗಬೇಕೆಂದರೆ ಫ್ಲೈಟ್ ಪ್ಲಾನ್ ಕೊಡಬೇಕು, ವಾಯು ರಕ್ಷಣೆಯವರಿಂದ ಅನುಮತಿ ನಂಬರ್ ತಗೊಬೇಕು, ಆಮೇಲೆ ಚಕ್ರ ನೆಲ ಬಿಡಬೇಕು. ಹಾಗಾದರೆ ಜಗತ್ತಿನ ಅತಿ ಗಿಜಿಗುಡುವ ಆಕಾಶಗಳಲ್ಲಿ ಒಂದರ ನಡುವೆ ಈ ಓಣಿ ಹೇಗೆ ಉಳಿಯಿತು?

ಉತ್ತರ ಹುಡುಕಲು ಸ್ವಲ್ಪ ಹಿಂದೆ ಹೋಗಬೇಕು. ಕೋಳಿಗಳಿಂದ ಶುರು ಮಾಡೋಣ.

ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಹತ್ತಿರ ಥಾಮಸ್ ಲೀ ಕಾಸ್ಬಿ ಅನ್ನುವವರು ಕೋಳಿ ಸಾಕುತ್ತಿದ್ದರು. ಎರಡನೇ ಮಹಾಯುದ್ಧದ ಕಾಲ. ಸೇನೆಯ ವಿಮಾನಗಳು ಅವರ ಜಮೀನಿನ ಮೇಲೆ ಬರೀ 83 ಅಡಿ ಎತ್ತರದಲ್ಲಿ ಇಳಿಯುತ್ತಿದ್ದವು. ಸದ್ದಿಗೆ ಬೆದರಿದ ಕೋಳಿಗಳು ಹಾರಿ ಗೋಡೆಗೆ ಬಡಿದುಕೊಂಡು ಸತ್ತವು. ಒಟ್ಟು ನೂರೈವತ್ತರಷ್ಟು. ಕಾಸ್ಬಿ ಕೋರ್ಟಿಗೆ ಹೋದರು. ನೆಲ ಯಾರದೋ ಅದರ ಮೇಲಿನ ಆಕಾಶವೂ ಅವರದೇ, ಸ್ವರ್ಗದ ತನಕ, ಅನ್ನುವುದು ಇಂಗ್ಲಿಷ್ ಕಾನೂನಿನ ಹಳೇ ಮಾತು. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಮಾತು ಈ ಕಾಲಕ್ಕೆ ನಡೆಯಲ್ಲ ಅಂದಿತು. ಅಷ್ಟು ಕೆಳಗೆ ಹಾರಿದ್ದಕ್ಕೆ ಕಾಸ್ಬಿಗೆ ಪರಿಹಾರ ಸಿಗಬೇಕು ನಿಜ. ಆದರೆ ಮೇಲಿನ ಆಕಾಶ ಸಾರ್ವಜನಿಕ ರಸ್ತೆ.

ಈ ರಸ್ತೆ ಅನ್ನುವ ಮಾತು ಮುಖ್ಯ. ಅಮೆರಿಕದ ಹವ್ಯಾಸಿ ಪೈಲಟ್‌ಗಳ ತಲೆಯಲ್ಲಿ ಇವತ್ತಿಗೂ ಇರುವುದು ಅದೇ. ಬೇಡ ಅಂತ ಬರೆದಿರುವ ಕಡೆ ಬಿಟ್ಟು ಮಿಕ್ಕೆಲ್ಲ ಕಡೆ ಹೋಗಬಹುದು. ಅಂದಿನಿಂದ ಇಂದಿನ ತನಕದ ಕಥೆ ಎಲ್ಲ ಆ 'ಬೇಡ'ಗಳು ಒಂದೊಂದಾಗಿ ಸೇರಿದ ಕಥೆಯೇ.

ಮೊದಲ ದೊಡ್ಡ ಪೆಟ್ಟು ಬಿದ್ದಿದ್ದು 1956ರ ಜೂನ್ 30ರಂದು. ಲಾಸ್ ಏಂಜಲೀಸ್‌ನಿಂದ ಮೂರು ನಿಮಿಷದ ಅಂತರದಲ್ಲಿ ಎರಡು ಪ್ರಯಾಣಿಕ ವಿಮಾನಗಳು ಎದ್ದವು. ಒಂದು ಟಿಡಬ್ಲ್ಯುಎ ಕಂಪನಿಯದು, ಇನ್ನೊಂದು ಯುನೈಟೆಡ್‌ನದು. ಗ್ರ್ಯಾಂಡ್ ಕ್ಯಾನ್ಯನ್ ಮೇಲೆ 21,000 ಅಡಿಯಲ್ಲಿ ಎರಡೂ ಡಿಕ್ಕಿಯಾದವು. 128 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಜಾಗದಲ್ಲಿ ಅವನ್ನು ರೇಡಾರ್‌ನಲ್ಲಿ ಕಾಯುವವರೇ ಇರಲಿಲ್ಲ. ನೋಡಿಕೊಂಡು ಹೋಗಿ, ತಪ್ಪಿಸಿಕೊಳ್ಳಿ, ಅಷ್ಟೇ ನಿಯಮ. ಹಳ್ಳಿ ರಸ್ತೆಯಲ್ಲಿ ಎತ್ತಿನ ಗಾಡಿಗೆ ಅದು ಸರಿ. ಗಂಟೆಗೆ ಐನೂರು ಕಿಲೋಮೀಟರ್ ಓಡುವ ಎರಡು ವಿಮಾನಗಳಿಗೆ ಅಲ್ಲ. ಎರಡು ವರ್ಷದಲ್ಲಿ, 1958ರಲ್ಲಿ, ಹೊಸ ಕಾನೂನು ಬಂತು. ಅಮೆರಿಕದ ವಿಮಾನಯಾನ ನೋಡಿಕೊಳ್ಳುವ ಇಂದಿನ ಎಫ್‌ಎಎ ಸಂಸ್ಥೆ ಹುಟ್ಟಿದ್ದು ಆಗ.

ಡಿಕ್ಕಿಯಾದದ್ದು ದೊಡ್ಡವರು. ಗೆರೆ ಬಿದ್ದಿದ್ದು ಎಲ್ಲರ ಮೇಲೂ. ಸಣ್ಣ ವಿಮಾನದವರ ಗೊಣಗಾಟ ಶುರುವಾಗಿದ್ದು ಅಲ್ಲಿಂದಲೇ ಅಂದರೆ ತಪ್ಪಾಗಲಾರದು.

1970ರಿಂದ ದೊಡ್ಡ ನಿಲ್ದಾಣಗಳ ಸುತ್ತ ಬೇಲಿ ಹಾಕತೊಡಗಿದರು. ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ಅಮೆರಿಕನ್ನರು ಇದಕ್ಕೆ ತಲೆಕೆಳಗು ಮಾಡಿದ ಮದುವೆ ಕೇಕ್ ಅಂತಾರೆ. ನನಗೆ ಅದು ಬುಗುರಿ ಹಾಗೆ ಕಾಣುತ್ತದೆ. ಮೊಳೆ ರನ್‌ವೇ ಮೇಲೆ ನಿಂತಿದೆ, ಹೊಟ್ಟೆ ಆಕಾಶದಲ್ಲಿದೆ. ದೊಡ್ಡ ವಿಮಾನ ಬುಗುರಿಯ ಒಳಗೇ ಇಳಿದು ಬರುತ್ತದೆ. ಸಣ್ಣವರು ಅದರ ಹೊಟ್ಟೆಯ ಅಡಿಯಲ್ಲಿ ನುಸುಳಿಕೊಂಡು ಹೋಗಬೇಕು. ಒಳಗೆ ಹೋಗಬೇಕೆಂದರೆ ಕೇಳಬೇಕು.

ಬೇಲಿ ಹಾಕಿದ ಮಾತ್ರಕ್ಕೆ ದನ ನುಗ್ಗುವುದು ನಿಲ್ಲುತ್ತದೆಯೇ? 1986ರ ಆಗಸ್ಟ್ 31, ಒಂದು ಭಾನುವಾರ. ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನಿಂದ ಒಂದು ಪೈಪರ್ ವಿಮಾನ ಬಿಗ್ ಬೇರ್ ಬೆಟ್ಟದ ಕಡೆ ಹೊರಟಿತು. ಒಳಗೆ ಮೂವರು. ದಾರಿಯಲ್ಲಿ ಗೊತ್ತಿಲ್ಲದೆ ಬೇಲಿ ದಾಟಿತು. ಅದರಲ್ಲಿ ಎತ್ತರ ತಿಳಿಸುವ ಉಪಕರಣ ಇರಲಿಲ್ಲ. ಇಳಿಯುತ್ತಿದ್ದ ಏರೋಮೆಕ್ಸಿಕೋ ವಿಮಾನಕ್ಕೆ ಅದು ತಾಗಿತು. ಎರಡೂ ಸೆರಿಟೋಸ್ ಊರಿನ ಮೇಲೆ ಬಿದ್ದವು. ಮನೆಗಳಲ್ಲಿದ್ದ 15 ಜನರೂ ಸೇರಿ 82 ಮಂದಿ ಸತ್ತರು. ಎಂಟು ವರ್ಷ ಮುಂಚೆ ಸ್ಯಾನ್ ಡಿಯಾಗೋದಲ್ಲೂ ಒಂದು ಸೆಸ್ನಾಕ್ಕೆ ಪ್ರಯಾಣಿಕ ವಿಮಾನ ಡಿಕ್ಕಿಯಾಗಿ 144 ಜನ ಹೋಗಿದ್ದರು. ಆ ಸೆಸ್ನಾದವರು ನೆಲದ ಕಂಟ್ರೋಲರ್ ಜೊತೆ ಮಾತಾಡುತ್ತಲೇ ಇದ್ದರು. ಹಿಂದಿನಿಂದ ಬಂದ ದೊಡ್ಡ ವಿಮಾನದವರ ಕಣ್ಣಿಗೆ ಅದು ತಪ್ಪಿತ್ತು.

ಸೆರಿಟೋಸ್ ಆದಮೇಲೆ ನಿಯಮ ಬಿಗಿಯಾಯಿತು. ದೊಡ್ಡ ನಿಲ್ದಾಣದಿಂದ 30 ನಾಟಿಕಲ್ ಮೈಲಿ ಒಳಗೆ, ಅಂದರೆ ಹತ್ತಿರ ಹತ್ತಿರ 55 ಕಿಲೋಮೀಟರ್, ರೇಡಾರ್‌ಗೆ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್ ಉಪಕರಣ ಇಲ್ಲದೆ ಸುಳಿಯುವಂತಿಲ್ಲ. ದೊಡ್ಡ ವಿಮಾನಗಳಲ್ಲಿ ಡಿಕ್ಕಿ ಎಚ್ಚರಿಕೆಯ ಯಂತ್ರ ಕಡ್ಡಾಯ. 1993ರ ಸೆಪ್ಟೆಂಬರ್‌ನಲ್ಲಿ ಇಡೀ ಆಕಾಶಕ್ಕೆ ಅಕ್ಷರಾಭ್ಯಾಸ ಮಾಡಿಸಿದರು. ಎ, ಬಿ, ಸಿ, ಡಿ, ಇ, ಜಿ. ಎಫ್ ಅಮೆರಿಕದಲ್ಲಿ ಇಲ್ಲ. ಬುಗುರಿಗೆ ಬಿ ಅಂತ ಹೆಸರಾಯಿತು. ಜಿ ಅಂದರೆ ಯಾರೂ ಕಾಯದ ಬಯಲು. ಕಲಿಯುವ ಹುಡುಗರು ಅದನ್ನು 'ಗೋ ಫಾರ್ ಇಟ್' ಅಂತ ನೆನಪಿಟ್ಟುಕೊಳ್ಳುತ್ತಾರೆ.

ಈ ಅಕ್ಷರಗಳಲ್ಲಿ ಒಂದು ತಮಾಷೆ ಇದೆ. ಬಿ ಒಳಗೆ ಹೋಗಬೇಕಾದರೆ 'ಅನುಮತಿ ಕೊಟ್ಟಿದೆ' ಅನ್ನುವ ಮಾತನ್ನೇ ಕಿವಿಯಾರೆ ಕೇಳಬೇಕು. ಸಿ ಮತ್ತು ಡಿಗೆ ಅಷ್ಟು ಬೇಡ. ಟವರ್‌ನವರು ನಿಮ್ಮ ವಿಮಾನದ ನಂಬರ್ ಹೇಳಿ 'ಸ್ವಲ್ಪ ತಾಳಿ' ಅಂದರೂ ಸಾಕು, ಪರಿಚಯ ಆಯಿತು ಅಂತ ಲೆಕ್ಕ, ಒಳಗೆ ಹೋಗಬಹುದು. 'ಯಾರೋ ಕರೆದವರು, ತಾಳಿ' ಅಂದರೆ ಮಾತ್ರ ಹೊರಗೇ ಸುತ್ತುತ್ತಿರಬೇಕು. ಹೆಸರು ಹಿಡಿದು ಕರೆದರೆ ಒಳಗೆ, ಇಲ್ಲದಿದ್ದರೆ ಜಗಲಿಯಲ್ಲೇ. ನಮ್ಮ ಮನೆಗಳ ರೀತಿಯೇ ಅಲ್ವಾ?

2001ರ ಸೆಪ್ಟೆಂಬರ್ 11ರ ತನಕ ಬೇಲಿಗಳಿಗೆ ಕಾರಣ ಡಿಕ್ಕಿಯ ಭಯ. ಆಮೇಲೆ ಬೇರೆ ಭಯ ಸೇರಿತು. ವಾಷಿಂಗ್ಟನ್ ಸುತ್ತ 30 ನಾಟಿಕಲ್ ಮೈಲಿಯ ವಿಶೇಷ ವಲಯ ಬಂತು. ಮೊದಲು ತಾತ್ಕಾಲಿಕ ಅಂದರು, 2009ರಲ್ಲಿ ಕಾಯಂ ಮಾಡಿದರು. ಅದರ ಒಳವರ್ತುಲದಲ್ಲಿ ಕಾಲೇಜ್ ಪಾರ್ಕ್ ಅನ್ನುವ ಪುಟ್ಟ ನಿಲ್ದಾಣ ಸಿಕ್ಕಿಹಾಕಿಕೊಂಡಿತು. 1909ರಲ್ಲಿ ವಿಲ್ಬರ್ ರೈಟ್ ಸೇನೆಯ ಅಧಿಕಾರಿಗಳಿಗೆ ವಿಮಾನ ಓಡಿಸುವುದು ಕಲಿಸಿದ ಮೈದಾನ ಅದು. ವಿಮಾನದ ತೊಟ್ಟಿಲು ಅಂತಲೇ ಹೇಳಬಹುದು. ಈಗ ಅಲ್ಲಿ ಇಳಿಯಬೇಕಾದರೆ ಮೊದಲೇ ಬೆರಳಚ್ಚು ಕೊಟ್ಟು, ಹಿನ್ನೆಲೆ ತಪಾಸಣೆ ಮುಗಿಸಿ, ಗುಪ್ತ ನಂಬರ್ ಇಟ್ಟುಕೊಂಡಿರಬೇಕು.

2005ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದಿಂದ ಇಬ್ಬರು ಎರಡು ಸೀಟಿನ ಸೆಸ್ನಾ 150 ಹತ್ತಿ ಉತ್ತರ ಕೆರೊಲಿನಾದ ಏರ್ ಶೋ ನೋಡಲು ಹೊರಟರು. ದಾರಿ ತಪ್ಪಿ ಈ ವಲಯಕ್ಕೆ ಬಂದರು. ಶ್ವೇತಭವನ, ಸಂಸತ್ ಭವನ ಎರಡನ್ನೂ ಖಾಲಿ ಮಾಡಿಸಿದರು. ಎಫ್-16 ಯುದ್ಧವಿಮಾನಗಳು ಬಂದು ಬೆಂಕಿಯ ಪಟಾಕಿ ಸಿಡಿಸಿ ಎಚ್ಚರಿಸಿದವು. ಅದಾದ ಮೇಲೆ ಆ ಕಡೆ ಹಾರುವ ಎಲ್ಲರೂ ಒಂದು ತರಬೇತಿ ಮುಗಿಸಿಯೇ ಬರಬೇಕು ಅಂತಾಯಿತು. ಮೂವತ್ತು ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸೀಟಿನ ಸ್ಟೇಡಿಯಂನಲ್ಲಿ ದೊಡ್ಡ ಬೇಸ್‌ಬಾಲ್ ಪಂದ್ಯ ಇದ್ದರೂ ಅದರ ಮೇಲಿನ ಆಕಾಶ ಮುಚ್ಚಿರುತ್ತದೆ. ಅಧ್ಯಕ್ಷರು ವಾರಾಂತ್ಯಕ್ಕೆ ಎಲ್ಲಿಗೆ ಹೋದರೆ ಅಲ್ಲೂ. ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅಂದುಕೊಂಡವರು ಮೊದಲು ಆ ದಿನದ ನೋಟಿಸ್‌ಗಳನ್ನೆಲ್ಲ ಓದಬೇಕು.

ತಪ್ಪು ಮಾಡಿದವರಿಗೆ ಒಂದು ಬಾಗಿಲು ಮಾತ್ರ ತೆರೆದಿಟ್ಟಿದ್ದಾರೆ. 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. 'ನಾನು ಹೀಗೆ ಬೇಲಿ ದಾಟಿದೆ, ಇದಕ್ಕೆ ಇದು ಕಾರಣ' ಅಂತ ಹತ್ತು ದಿನದೊಳಗೆ ಬರೆದು ಕಳಿಸಬಹುದು. ಬೇಕಂತ ಮಾಡಿದ್ದಲ್ಲ ಅಂದರೆ ಶಿಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಹೆಸರು ತೆಗೆದು ಆ ಬರಹವನ್ನು ಎಲ್ಲರೂ ಓದುವಂತೆ ಇಡುತ್ತಾರೆ. ದಂಡ ಹಾಕುವ ಇಲಾಖೆ ಬೇರೆ, ತಪ್ಪೊಪ್ಪಿಗೆ ಕೇಳುವವರು ಬೇರೆ. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಇದು.

ಮತ್ತೆ ಹಡ್ಸನ್‌ಗೆ ಬರೋಣ. ನ್ಯೂಯಾರ್ಕಿನ ಬುಗುರಿ ಕೊರೆಯುವಾಗ ನದಿಯ ಮೇಲೆ ಒಂದು ಸೀಳು ಬಿಟ್ಟಿದ್ದರು. ದೊಡ್ಡ ವಿಮಾನಗಳಿಗೆ ಅಷ್ಟು ಕೆಳಗೆ ಕೆಲಸ ಇಲ್ಲ, ಸಣ್ಣವರು ಓಡಾಡಿಕೊಳ್ಳಲಿ ಅಂತ. ಅಲ್ಲಿ ಎಲ್ಲರೂ ಒಂದೇ ರೇಡಿಯೊ ಚಾನೆಲ್, 123.05, ಹಾಕಿಕೊಂಡು ತಾವೆಲ್ಲಿದ್ದೇವೆ ಅಂತ ಕೂಗಿ ಹೇಳುವುದು ರೂಢಿ. ಅದು ಸಲಹೆ ಅಷ್ಟೇ, ಕಡ್ಡಾಯ ಆಗಿರಲಿಲ್ಲ.

2009ರ ಆಗಸ್ಟ್ 8ರಂದು ಅದೇ ಓಣಿಯಲ್ಲಿ ಒಂದು ಪೈಪರ್ ವಿಮಾನ, ಪ್ರವಾಸಿಗರಿದ್ದ ಒಂದು ಹೆಲಿಕಾಪ್ಟರ್ ಡಿಕ್ಕಿಯಾದವು. ಒಂಬತ್ತು ಜನ ಸತ್ತರು. ಪೈಪರ್ ಪೈಲಟ್ ಪಕ್ಕದ ಟೆಟರ್‌ಬರೋ ಟವರ್‌ನ ಮಾತು ಕೇಳಿಕೊಂಡು ಬಂದವರು. ಓಣಿಯ ಚಾನೆಲ್‌ನಲ್ಲಿ ಇರಲೇ ಇಲ್ಲ. ಅವರನ್ನು ನೋಡಿಕೊಳ್ಳಬೇಕಿದ್ದ ಕಂಟ್ರೋಲರ್ ಆ ಹೊತ್ತಿಗೆ ಫೋನಿನಲ್ಲಿ ಬೇರೇನೋ ಹರಟುತ್ತಿದ್ದರು ಅಂತ ತನಿಖೆಯಲ್ಲಿ ಗೊತ್ತಾಯಿತು. ಅಂದರೆ ಅಧಿಕಾರಿಯ ಕಿವಿಯನ್ನು ನಂಬಿಕೊಂಡವರು, ಪಕ್ಕದಲ್ಲಿ ಹಾರುತ್ತಿದ್ದವರ ದನಿಯಿಂದ ದೂರವಾದರು.

ಓಣಿ ಮುಚ್ಚಿಬಿಡಿ ಅನ್ನುವ ಕೂಗು ಎದ್ದಿತು. ಮುಚ್ಚಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಸಲಹೆಯಾಗಿದ್ದದ್ದನ್ನು ಕಾನೂನು ಮಾಡಿದರು. ಉತ್ತರಕ್ಕೆ ಹೋಗುವವರು ಪೂರ್ವದ ದಡ, ದಕ್ಷಿಣಕ್ಕೆ ಹೋಗುವವರು ಪಶ್ಚಿಮದ ದಡ ಹಿಡಿಯಬೇಕು. ನೇರ ಹಾದುಹೋಗುವವರು 1,000ದಿಂದ 1,300 ಅಡಿ ನಡುವೆ, ಅಲ್ಲೇ ಸುತ್ತುವ ಹೆಲಿಕಾಪ್ಟರ್‌ಗಳು ಅದಕ್ಕಿಂತ ಕೆಳಗೆ. ವೇಗ 140 ನಾಟ್, ಅಂದರೆ ಗಂಟೆಗೆ ಸುಮಾರು 260 ಕಿಲೋಮೀಟರ್, ಮೀರಬಾರದು. ದೀಪ ಹಾಕಿರಬೇಕು. ನಕಾಶೆ ಕೈಯಲ್ಲಿರಬೇಕು. ಗೊತ್ತು ಮಾಡಿದ ಗುರುತುಗಳ ಹತ್ತಿರ ಬಾಯಿಬಿಟ್ಟು ಹೇಳಲೇಬೇಕು.

ಆ ಗುರುತುಗಳೂ ಚೆನ್ನಾಗಿವೆ. ದಕ್ಷಿಣದಲ್ಲಿ ವೆರಜಾನೊ ಸೇತುವೆ. ಆಮೇಲೆ ಪ್ರತಿಮೆ. ಆಮೇಲೆ ಜೆರ್ಸಿ ದಡದ ಕೋಲ್ಗೇಟ್ ಗಡಿಯಾರ, ರೇಡಿಯೊದಲ್ಲಿ ಬರೀ 'ಕ್ಲಾಕ್'. ಮುಂದೆ ಇಂಟ್ರೆಪಿಡ್ ಯುದ್ಧನೌಕೆ, ಜಾರ್ಜ್ ವಾಷಿಂಗ್ಟನ್ ಸೇತುವೆ. ಕೊನೆಗೆ ಆಲ್ಪೈನ್ ಟವರ್. ಎಫ್‌ಎಂ ರೇಡಿಯೊ ಕಂಡುಹಿಡಿದ ಆರ್ಮ್‌ಸ್ಟ್ರಾಂಗ್ ಕಟ್ಟಿಸಿದ ಗೋಪುರ ಅದು. 'ಹಡ್ಸನ್‌ನವರೇ, ಬಿಳಿ ಸೆಸ್ನಾ, ಪ್ರತಿಮೆ ಹತ್ತಿರ, ಉತ್ತರಕ್ಕೆ, ಸಾವಿರದ ನೂರು ಅಡಿ' ಅಂತ ಒಬ್ಬರು. 'ಸೆಸ್ನಾ ಕಾಣ್ತಿದೆ, ನಾನು ನಿಮ್ಮ ಕೆಳಗೆ' ಅಂತ ಹೆಲಿಕಾಪ್ಟರ್‌ನವರು. ಘಾಟಿ ರಸ್ತೆಯ ತಿರುವಿನಲ್ಲಿ ಹಾರ್ನ್ ಹೊಡೆದು ಹೋಗುವ ಹಾಗೆ.

ಟವರ್ ಇಲ್ಲದ ಸಾವಿರಾರು ಸಣ್ಣ ನಿಲ್ದಾಣಗಳೂ ನಡೆಯುವುದು ಹೀಗೆಯೇ. ಹೇಳುವವರು ಹೇಳುತ್ತಾರೆ, ಕೇಳುವವರು ದಾರಿ ಬಿಡುತ್ತಾರೆ. ಒಂದೇ ಚಾನೆಲ್ ಹತ್ತಾರು ಊರುಗಳಿಗೆ ಇರುವುದರಿಂದ ಪ್ರತಿ ಮಾತಿನ ಮೊದಲಿಗೂ ಕೊನೆಗೂ ಊರಿನ ಹೆಸರು ಹೇಳಬೇಕು. ಇಲ್ಲದಿದ್ದರೆ ಯಾರೋ ಎಲ್ಲೋ ಇಳಿಯುತ್ತಿರುವುದಕ್ಕೆ ಇಲ್ಲಿ ಇನ್ಯಾರೋ ಗಾಬರಿಯಾಗುತ್ತಾರೆ.

ಇಳಿದ ಮೇಲೆ ಊಟ. 'ನೂರು ಡಾಲರ್ ಹ್ಯಾಂಬರ್ಗರ್' ಅನ್ನುವುದು ಇವರ ಹಳೇ ಮಾತು. ಬರ್ಗರ್ ತಿನ್ನಲು ಪಕ್ಕದ ಊರಿಗೆ ಹಾರಿ ಹೋದರೆ ಪೆಟ್ರೋಲೂ ಸೇರಿ ಬೀಳುವ ಬಿಲ್ಲು ಅದು. ಈಗ ನೂರಕ್ಕೆ ಆಗಲ್ಲ, ಮಾತು ಮಾತ್ರ ಉಳಿದಿದೆ. ಮೊದಲ ಸಲ ಒಬ್ಬರೇ ಹಾರಿ ಬಂದವರ ಅಂಗಿಯ ಹಿಂಭಾಗ ಕತ್ತರಿಸಿ ಗೋಡೆಗೆ ಹಾಕುವ ಪದ್ಧತಿಯೂ ಇದೆ. ರೇಡಿಯೊ ಇಲ್ಲದ ಕಾಲದಲ್ಲಿ ಹಿಂದೆ ಕೂತ ಗುರು ಶಿಷ್ಯನ ಅಂಗಿ ಜಗ್ಗಿ ಕಿವಿಯಲ್ಲಿ ಕಿರುಚುತ್ತಿದ್ದರಂತೆ. ಇನ್ನು ಜಗ್ಗುವ ಕೆಲಸ ಇಲ್ಲ, ಹಾಗಾಗಿ ಕತ್ತರಿ.

ಇವರೆಲ್ಲ ಒಟ್ಟು ಸೇರುವ ಜಾತ್ರೆ ವಿಸ್ಕಾನ್ಸಿನ್‌ನ ಆಷ್‌ಕಾಷ್‌ನಲ್ಲಿ, ಜುಲೈ ಕೊನೆಗೆ. ಮನೆಯಲ್ಲೇ ವಿಮಾನ ಕಟ್ಟುವವರಿಗೆಂದು ಪಾಲ್ ಪೊಬೆರೆಜ್ನಿ 1953ರಲ್ಲಿ ಶುರು ಮಾಡಿದ ಸಂಘ ನಡೆಸುವ ಜಾತ್ರೆ ಅದು. 1970ರಿಂದ ಇದೇ ಊರು. ಒಂದು ವಾರದಲ್ಲಿ ಹತ್ತು ಸಾವಿರದಷ್ಟು ವಿಮಾನಗಳು ಆ ಸುತ್ತಮುತ್ತ ಬಂದಿಳಿಯುತ್ತವೆ. ಬರುವ ವಿಧಾನ ಹಡ್ಸನ್‌ಗೆ ಪೂರಾ ಉಲ್ಟಾ. ಇಲ್ಲಿ ಪೈಲಟ್‌ಗಳು ಯಾರೂ ಮಾತಾಡುವಂತಿಲ್ಲ. ರಿಪನ್ ಊರಿನಿಂದ ರೈಲು ಹಳಿ ಹಿಡಿದು, ಒಂದರ ಹಿಂದೆ ಒಂದು, ಅರ್ಧ ಮೈಲಿ ಅಂತರ, 90 ನಾಟ್ ವೇಗ, 1,800 ಅಡಿ. ಫಿಸ್ಕ್ ಅನ್ನುವ ಹಳ್ಳಿಯಲ್ಲಿ ಗುಲಾಬಿ ಅಂಗಿ ತೊಟ್ಟ ಕಂಟ್ರೋಲರ್‌ಗಳು ದುರ್ಬೀನು ಹಿಡಿದು ಬಯಲಲ್ಲೇ ನಿಂತಿರುತ್ತಾರೆ. 'ಹಳದಿ ವಿಮಾನ, ರೆಕ್ಕೆ ಅಲ್ಲಾಡಿಸು' ಅಂತಾರೆ. ಪೈಲಟ್ ರೆಕ್ಕೆ ಅಲ್ಲಾಡಿಸುತ್ತಾರೆ. ಅದೇ ಉತ್ತರ. ರನ್‌ವೇ ಮೇಲೆ ಬಣ್ಣದ ಚುಕ್ಕೆಗಳು. ನೀನು ಹಸಿರು ಚುಕ್ಕೆಯಲ್ಲಿ ಇಳಿ, ನಿನ್ನ ಹಿಂದಿನವರು ಕಿತ್ತಳೆಯಲ್ಲಿ.

ಇಳಿದ ತಕ್ಷಣ ಹುಲ್ಲಿಗೆ ಹೊರಳಬೇಕು, ಹಿಂದೆ ಇನ್ನೊಂದು ಬರುತ್ತಿದೆ. ಕಿಟಕಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದ ರಟ್ಟು ನೋಡಿ ಸ್ವಯಂಸೇವಕರು ಕೈ ತೋರಿಸುತ್ತಾರೆ. ಸಾಲಿನಲ್ಲಿ ನಿಲ್ಲಿಸಿ, ರೆಕ್ಕೆಯ ಅಡಿ ಟೆಂಟ್ ಬಿಚ್ಚುವಷ್ಟರಲ್ಲಿ ಪಕ್ಕದ ವಿಮಾನದವರು ಸುತ್ತಿಗೆ ಹಿಡಿದು ಬಂದಿರುತ್ತಾರೆ, ಗೂಟ ಹೊಡೆಯಲು. ಹೆಸರು ಕೇಳುವುದು ಆಮೇಲೆ. ಮೊದಲ ಪ್ರಶ್ನೆ, ಬರುವ ದಾರಿಯಲ್ಲಿ ಸರದಿಗಾಗಿ ಕಾಯಿಸುವ ಕೆರೆಯ ಬಗ್ಗೆ, 'ಗ್ರೀನ್ ಲೇಕ್ ಮೇಲೆ ನಿಮ್ಮನ್ನು ಎಷ್ಟು ಸುತ್ತು ಹೊಡೆಸಿದರು?'