ನಾಲ್ಕು-ಆರು ಅಂದರೆ ಯಾವ ಹಲ್ಲು? ಡೆಂಟಲ್ ಅಸಿಸ್ಟೆಂಟ್ ಕಲಿಯುತ್ತಿರುವವರಿಗೆ ಒಂದು ಟಿಪ್ಪಣಿ

ಹಾಸನದ ಒಂದು ಕ್ಲಿನಿಕ್ಕಿಗೆ ಟ್ರೈನಿಂಗಿಗೆ ಹೋಗುತ್ತಿದ್ದ ಎರಡನೇ ವಾರ. ಡಾಕ್ಟರು ಬಾಯಿ ನೋಡುತ್ತಾ "ಫಾರ್ಟಿ ಸಿಕ್ಸ್, ಡೀಪ್ ಕೇರೀಸ್" (ಆಳದ ಹುಳುಕು) ಅಂದರು. ಕುರ್ಚಿಯಲ್ಲಿದ್ದ ಅಜ್ಜ ಮಿರರ್ ಹೊರಗೆ ಬರುವುದನ್ನೇ ಕಾದಿದ್ದು, "ಇರೋದೇ ಮೂವತ್ತೆರಡು ಸ್ವಾಮಿ, ನಲವತ್ತಾರನೇದು ಯಾವಾಗ ಬಂತು?" ಅಂತ ಕೇಳಿದರು. ಎಲ್ಲರೂ ನಕ್ಕೆವು. ನಗುತ್ತಲೇ ನಾನು ಕಾರ್ಡಿನಲ್ಲಿ 36 ಅಂತ ಬರೆದಿದ್ದೆ. ಅಜ್ಜನ ಕಾಲ ಕಡೆ ನಿಂತಿದ್ದೆ, ಹಲ್ಲು ನನ್ನ ಎಡಗೈ ಕಡೆ ಕಂಡಿತು, ಕೈ ಎಡದ ನಂಬರನ್ನೇ ಬರೆಯಿತು. ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರು ಎಕ್ಸ್‌ರೇ ಜೊತೆ ಕಾರ್ಡ್ ಹೋಲಿಸಿ ನೋಡಿದ್ದರಿಂದ ಉಳಿದುಕೊಂಡೆ. ಆದ್ದರಿಂದ ಈ ಟಿಪ್ಪಣಿಯನ್ನು ಎನಾಮಲ್‌ನಿಂದಲ್ಲ, ನಂಬರಿನಿಂದ ಶುರು ಮಾಡುತ್ತೇನೆ.

ಹಲ್ಲಿಗೆ ನಂಬರ್ ಕೊಡಲು ನಮ್ಮಲ್ಲಿ ಬಳಕೆಯಲ್ಲಿರುವುದು ಎಫ್‌ಡಿಐ (ದಂತವೈದ್ಯರ ಅಂತಾರಾಷ್ಟ್ರೀಯ ಒಕ್ಕೂಟ) ಪದ್ಧತಿ. 46 ಅನ್ನುವುದು ನಲವತ್ತಾರಲ್ಲ. ನಾಲ್ಕು ಮತ್ತು ಆರು. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅನ್ನುವುದನ್ನು ಹೇಳುತ್ತದೆ, ಎರಡನೆಯದು ನಡುಗೆರೆಯಿಂದ ಎಣಿಸಿದರೆ ಎಷ್ಟನೇ ಹಲ್ಲು ಅನ್ನುವುದನ್ನು. ರೋಗಿಯ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎದುರು ನಿಂತು ನೋಡಿದರೆ ಪ್ರದಕ್ಷಿಣೆ ಹಾಕಿದ ಹಾಗೆಯೇ ಸುತ್ತುತ್ತದೆ. ಎಡ-ಬಲ ಯಾವಾಗಲೂ ರೋಗಿಯದು, ನಮ್ಮದಲ್ಲ. ನಾವು ತಲೆಯ ಕಡೆ ಕೂತರೆ ಒಂದು ಥರ, ಕಾಲ ಕಡೆ ನಿಂತರೆ ಇನ್ನೊಂದು ಥರ ಕಾಣುತ್ತದೆ. ರೋಗಿಯ ಬಲಗೈ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ನಾನು ಈಗಲೂ ಬರೆಯುವ ಮುಂಚೆ ಒಮ್ಮೆ ಅವರ ಬಲಗೈ ಎಲ್ಲಿದೆ ಅಂತ ನೋಡುತ್ತೇನೆ.

ಎರಡನೇ ಅಂಕಿ ಹೀಗೆ: 1 ಮತ್ತು 2 ಬಾಚಿಹಲ್ಲು, 3 ಕೋರೆಹಲ್ಲು, 4 ಮತ್ತು 5 ಪ್ರೀಮೋಲಾರ್ (ದವಡೆಹಲ್ಲಿನ ಮುಂದಿರುವ ಸಣ್ಣ ಹಲ್ಲು), 6, 7, 8 ದವಡೆಹಲ್ಲು. 8 ಅಂದರೆ ವಿಸ್ಡಮ್ ಟೂತ್. ಹಾಲುಹಲ್ಲು ಒಟ್ಟು 20, ಅವುಗಳ ಕಾಲುಭಾಗಗಳಿಗೆ ಅದೇ ಕ್ರಮದಲ್ಲಿ 5ರಿಂದ 8ರ ಅಂಕಿ. ಹಾಲುಹಲ್ಲಿನಲ್ಲಿ ಪ್ರೀಮೋಲಾರ್ ಇಲ್ಲ. ಹಾಲಿನ ದವಡೆಹಲ್ಲು ಬಿದ್ದ ಜಾಗದಲ್ಲೇ ಮುಂದೆ ಪ್ರೀಮೋಲಾರ್ ಬರುವುದು.

ಪರೀಕ್ಷೆಗೂ ಕ್ಲಿನಿಕ್ಕಿಗೂ ಬಹಳ ಮುಖ್ಯವಾದ ಹಲ್ಲು 6. ಸುಮಾರು ಆರನೇ ವಯಸ್ಸಿಗೆ, ಯಾವ ಹಲ್ಲೂ ಬೀಳದೆ, ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಹಲ್ಲು ಬಿದ್ದಿಲ್ಲವಾದ್ದರಿಂದ ತಾಯಂದಿರು ಇದನ್ನೂ ಹಾಲುಹಲ್ಲೇ ಅಂದುಕೊಳ್ಳುತ್ತಾರೆ. "ಹುಳುಕಾದ್ರೆ ಏನು ಮೇಡಂ, ಬಿದ್ದು ಬೇರೆ ಬರುತ್ತಲ್ಲ" ಅನ್ನುವ ಮಾತು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇದು ಹೋದರೆ ಬೇರೆ ಬರುವುದಿಲ್ಲ. ಏಳು ವರ್ಷದ ಮಗುವಿನ ಬಾಯಿಯಲ್ಲಿ 85 ಮತ್ತು 46 ಅಕ್ಕಪಕ್ಕ ಇರುತ್ತವೆ. ಸಂದೇಹ ಬಂದರೆ ನಡುಗೆರೆಯಿಂದ ಎಣಿಸಿ, ಐದನೆಯದು 85, ಅದರ ಹಿಂದಿನದು 46.

ಈಗ ಹಲ್ಲಿನ ಒಳಗೆ. ನಮ್ಮ ಕಡೆಯವರಿಗೆ ಅರಸೀಕೆರೆ ತೆಂಗಿನಕಾಯಿಗಿಂತ ಒಳ್ಳೆ ಹೋಲಿಕೆ ಸಿಗಲಿಕ್ಕಿಲ್ಲ. ಹೊರಗಿನ ಚಿಪ್ಪು ಎನಾಮಲ್, ಒಳಗಿನ ಕಾಯಿ ಡೆಂಟಿನ್, ನಡುವಿನ ನೀರಿನ ಜಾಗ ಪಲ್ಪ್. ಎನಾಮಲ್ ತೂಕದಲ್ಲಿ ಶೇ. 96ರಷ್ಟು ಖನಿಜವೇ, ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತುವಿಲ್ಲ. ಆದರೆ ಅದರಲ್ಲಿ ಜೀವಕೋಶವಿಲ್ಲ, ಹಾಗಾಗಿ ನೋವೂ ಇಲ್ಲ, ಒಮ್ಮೆ ಗುಳಿಬಿದ್ದರೆ ಮತ್ತೆ ಬೆಳೆಯುವುದೂ ಇಲ್ಲ. ಡೆಂಟಿನ್ನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ, ಕೊಳವೆಗಳಲ್ಲಿ ದ್ರವವಿದೆ. ತಣ್ಣೀರು ತಗುಲಿದಾಗ ಆ ದ್ರವ ಅಲುಗಿ ಜುಮ್ ಅನ್ನಿಸುತ್ತದೆ.

ತೆಂಗಿನಕಾಯಿ ಎರಡು ಕಡೆ ಕೈಕೊಡುತ್ತದೆ. ಒಂದು, ಹಲ್ಲಿನ ಬೇರಿನ ಭಾಗಕ್ಕೆ ಚಿಪ್ಪಿಲ್ಲ. ಅಲ್ಲಿರುವುದು ಸಿಮೆಂಟಮ್ ಅನ್ನುವ ತೆಳು ಪದರ. ವಸಡು ಕೆಳಗಿಳಿದವರು, ಇದ್ದಿಲುಪುಡಿಯಲ್ಲಿ ಅಡ್ಡಡ್ಡ ಉಜ್ಜಿ ಹಲ್ಲಿನ ಕತ್ತು ಸವೆಸಿಕೊಂಡವರು ಹುಳುಕೇ ಇಲ್ಲದೆ ಜುಮ್ ಅನ್ನುತ್ತೆ ಅಂತ ಬರುವುದು ಇದಕ್ಕೇ. ಇನ್ನೊಂದು, ಪಲ್ಪ್ ಬರೀ ನೀರಲ್ಲ. ನರ, ರಕ್ತನಾಳ ತುಂಬಿದ ಜೀವಂತ ಅಂಗಾಂಶ. ಸುತ್ತ ಗಟ್ಟಿ ಗೋಡೆ, ಊದಿಕೊಂಡರೆ ಹಿಗ್ಗಲು ಜಾಗವಿಲ್ಲ. ರಾತ್ರಿ ಮಲಗಿದಾಗ ತಲೆ ಕಡೆಗೆ ರಕ್ತದ ಒತ್ತಡ ಹೆಚ್ಚಾಗಿ ಹಲ್ಲು ಪಟಪಟ ಬಡಿಯುತ್ತದೆ. "ರಾತ್ರಿ ನೋವು ಜಾಸ್ತಿ" ಅಂತ ಯಾರಾದರೂ ಹೇಳಿದರೆ ಅದನ್ನು ಅವರ ಮಾತಿನಲ್ಲೇ ಕಾರ್ಡಿಗೆ ಬರೆಯಿರಿ. ಡಾಕ್ಟರಿಗೆ ಅದು ಅರ್ಧ ಡಯಾಗ್ನೋಸಿಸ್.

ಬೇರಿಗೂ ಮೂಳೆಗೂ ನಡುವೆ, ಎರಡನ್ನೂ ಹಿಡಿದಿಡುವ ನಾರು, ಪೆರಿಯೊಡಾಂಟಲ್ ಲಿಗಮೆಂಟ್. ಕಿತ್ತುಬಂದ ಹಲ್ಲನ್ನು ಮತ್ತೆ ಕೂರಿಸಿದರೆ ಹಿಡಿದುಕೊಳ್ಳಬೇಕಾದದ್ದು ಬೇರಿನ ಮೇಲೆ ಉಳಿದ ಈ ನಾರೇ. ಬಿದ್ದು ಹಲ್ಲು ಕಿತ್ತುಬಂತು ಅಂತ ಫೋನ್ ಬಂದರೆ ನೆನಪಿರಬೇಕಾದದ್ದು ಇದು: ಬೇರನ್ನು ಕೆರೆಯಬೇಡಿ, ಮೇಲ್ಭಾಗ ಹಿಡಿದು ಹಾಲಿನಲ್ಲಿ ಹಾಕಿ ತಕ್ಷಣ ತನ್ನಿ ಅನ್ನಿ. ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ.

ಬೇರುಗಳ ಲೆಕ್ಕ ಬಾಯಿಪಾಠ ಮಾಡುವುದು ಬೇಸರದ ಕೆಲಸ. ಫೋರ್ಸೆಪ್ಸ್ (ಹಲ್ಲು ಕೀಳುವ ಇಕ್ಕಳ) ಕೈಯಲ್ಲಿ ಹಿಡಿದರೆ ತಾನಾಗಿ ಬರುತ್ತದೆ. ಮೇಲಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು, ಕೆನ್ನೆ ಕಡೆ ಎರಡು, ಅಂಗುಳಿನ ಕಡೆ ಒಂದು. ಅದಕ್ಕೇ ಆ ಫೋರ್ಸೆಪ್ಸಿನ ಒಂದು ಕೊಕ್ಕಿಗೆ ಮೊನೆ ಇರುತ್ತದೆ, ಆ ಮೊನೆ ಕೆನ್ನೆ ಕಡೆಯ ಎರಡು ಬೇರಿನ ಸಂದಿಗೆ ಕೂರಬೇಕು. ಆದ್ದರಿಂದ ಬಲಕ್ಕೆ ಬೇರೆ, ಎಡಕ್ಕೆ ಬೇರೆ. ಕೆಳಗಿನ ದವಡೆಹಲ್ಲಿಗೆ ಎರಡು ಬೇರು, ಮುಂದೊಂದು ಹಿಂದೊಂದು. ಎರಡೂ ಕೊಕ್ಕಿಗೆ ಮೊನೆ, ಎರಡು ಕಡೆಗೂ ಒಂದೇ ಫೋರ್ಸೆಪ್ಸ್.

ಇನ್ನು ರೋಗಿಯ ಬಾಯಿ ಪರೀಕ್ಷೆ. ಟ್ರೇಯಲ್ಲಿ ಮೌತ್ ಮಿರರ್, ಎಕ್ಸ್‌ಪ್ಲೋರರ್ (ಚೂಪು ಮೊನೆಯ ಕಡ್ಡಿ), ಪೆರಿಯೊಡಾಂಟಲ್ ಪ್ರೋಬ್ (ವಸಡು-ಹಲ್ಲಿನ ಸಂದಿಯ ಆಳ ಅಳೆಯುವ ಕಡ್ಡಿ), ಟ್ವೀಜರ್, ಹತ್ತಿ. ಕುರ್ಚಿ ಮಲಗಿಸುವ ಮುಂಚೆ ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ಹೃದಯದ ಆಪರೇಷನ್, ಔಷಧಿ ಅಲರ್ಜಿ, ಹೆಣ್ಣುಮಕ್ಕಳಾದರೆ ಬಸಿರು, ಇಷ್ಟನ್ನೂ ಕೇಳಿಕೊಳ್ಳಿ. "ಏನಾದ್ರೂ ಕಾಯಿಲೆ ಇದೆಯಾ" ಅಂದರೆ ಎಲ್ಲರೂ ಇಲ್ಲ ಅಂತಾರೆ. "ದಿನಾ ಯಾವ ಮಾತ್ರೆ ತಗೋತೀರಾ" ಅಂದರೆ ಚೀಲದಿಂದ ನಾಲ್ಕು ಸ್ಟ್ರಿಪ್ ಹೊರಗೆ ಬರುತ್ತವೆ.

ಹಲ್ಲಿಗಿಂತ ಮೊದಲು ತುಟಿ, ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ ನೋಡುತ್ತಾರೆ. ಕಟ್ಟಿನ ಹಲ್ಲಿದ್ದರೆ ಮೊದಲೇ ತೆಗೆಸಿ. ನಮ್ಮ ಜಿಲ್ಲೆಯಲ್ಲಿ ಎಲೆ-ಅಡಿಕೆ, ಕಡ್ಡಿಪುಡಿ ಹಾಕುವವರು ಬಹಳ. ಹಾಕುತ್ತೀರಾ ಅಂತ ಮಾತ್ರ ಕೇಳಿದರೆ ಸಾಲದು, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಾ ಅಂತ ಕೇಳಿ. ಬಿಳಿ ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಸಾಮಾನ್ಯವಾಗಿ ಆ ಜಾಗದಲ್ಲೇ ಮೊದಲು ಕಾಣುತ್ತದೆ. ಅಡಿಕೆ ಜಗಿಯುವವರಲ್ಲಿ ಕೆನ್ನೆ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅವರದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗದಿದ್ದರೆ ಬರೆದಿಡಿ.

ಆಮೇಲೆ ಹಲ್ಲು. ಗಾಳಿ ಊದಿ ಒಣಗಿಸಿ ನೋಡಿದರೆ ಆರಂಭದ ಹುಳುಕು ಸುಣ್ಣದ ಬಿಳುಪಾಗಿ ಕಾಣುತ್ತದೆ. ಎಕ್ಸ್‌ಪ್ಲೋರರ್ ಮೊನೆಯಿಂದ ಅಲ್ಲಿ ಚುಚ್ಚುವುದನ್ನು ಈಗ ಬೇಡ ಅನ್ನುತ್ತಾರೆ. ಮೆತ್ತಗಾದ ಪದರ ಕುಸಿದು, ಉಳಿಯಬಹುದಾದ ಹಲ್ಲಿಗೆ ನಾವೇ ಗುಂಡಿ ತೋಡಿದ ಹಾಗಾಗುತ್ತದೆ.

ಕಂದು ಕಲೆ ಕಂಡ ಕೂಡಲೇ ಹುಳುಕು ಅನ್ನಬೇಡಿ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಲ್ಲಿ ಫ್ಲೋರೋಸಿಸ್ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬರುವ ಕಲೆ) ನೋಡಲು ಸಿಗುತ್ತದೆ. ಅದು 11ರಲ್ಲಿದ್ದರೆ 21ರಲ್ಲೂ ಇರುತ್ತದೆ, ಜೋಡಿ ಜೋಡಿಯಾಗಿ. ಹುಳುಕಿಗೆ ಆ ಶಿಸ್ತಿಲ್ಲ, ಕೊಳೆ ಕೂತಲ್ಲಿ ಹಿಡಿಯುತ್ತದೆ. "ಚಿಕ್ಕವರಿದ್ದಾಗ ಯಾವ ಊರಿನ ನೀರು ಕುಡೀತಿದ್ರಿ?" ಅನ್ನುವ ಒಂದು ಪ್ರಶ್ನೆ ಸಾಕು.

ವಸಡಿಗೆ ಪ್ರೋಬ್. ವಿಲಿಯಮ್ಸ್ ಪ್ರೋಬಿನಲ್ಲಿ ಗೆರೆಗಳು 1, 2, 3, 5, 7, 8, 9, 10 ಮಿಲಿಮೀಟರಿಗೆ. 4 ಮತ್ತು 6 ಇಲ್ಲ, ಗಾಬರಿ ಬೇಡ. ಹಲ್ಲಿಗೆ ಆರು ಜಾಗದಲ್ಲಿ ಅಳೆಯುತ್ತಾರೆ. 3ರವರೆಗೆ ಸರಿ, ಅದಕ್ಕಿಂತ ಆಳವಾದರೆ ಗುರುತು ಹಾಕಿ, ರಕ್ತ ಬಂದರೆ ಚುಕ್ಕೆ ಇಡಿ. ಹಲ್ಲು ಅಲ್ಲಾಡುತ್ತದೆಯೇ ಅಂತ ನೋಡುವುದು ಎರಡು ಉಪಕರಣಗಳ ಹಿಡಿಕೆಯಿಂದ, ಬೆರಳಿನಿಂದಲ್ಲ; ಬೆರಳ ತುದಿ ಮೆತ್ತಗಿರುವುದರಿಂದ ಸಣ್ಣ ಅಲುಗು ತಿಳಿಯುವುದಿಲ್ಲ.

ಈಗ ಒಂದು ಸಾಲು ಓದಿ: "46 ಎಂ-ಓ ಕೇರೀಸ್, 47 ಇಲ್ಲ, 36 ಫಿಲ್ಲಿಂಗ್." ಎಂ ಅಂದರೆ ಮೀಸಿಯಲ್, ನಡುಗೆರೆ ಕಡೆಯ ಮೈ. ಓ ಅಂದರೆ ಆಕ್ಲೂಸಲ್, ಅಗಿಯುವ ಮೈ. ಈ ವ್ಯಕ್ತಿಗೆ ಕೆಳಗಿನ ಬಲದ ಮೊದಲ ದವಡೆಹಲ್ಲಿನ ಮುಂಬದಿ ಮತ್ತು ಮೇಲ್ಮೈಯಲ್ಲಿ ಹುಳುಕು, ಅದರ ಹಿಂದಿನ ಹಲ್ಲು ಕಿತ್ತಾಗಿದೆ, ಎಡಗಡೆಯ ಜೋಡಿಹಲ್ಲಿಗೆ ಹಿಂದೆಂದೋ ಸಿಮೆಂಟ್ ಹಾಕಿಸಿದ್ದಾರೆ. ಬರೆದ ಮೇಲೆ ಡಾಕ್ಟರಿಗೆ ಜೋರಾಗಿ ಓದಿ ಹೇಳಿ, "ನಾಲ್ಕು-ಆರು, ಕೆಳಗಿನ ಬಲ" ಅಂತ ಜಾಗದ ಸಮೇತ. ಅವರು "ಹ್ಞೂಂ" ಅನ್ನುವವರೆಗೆ ಪೆನ್ನು ಕೆಳಗಿಡಬೇಡಿ.