ಮತ ಎಣಿಕೆ ಮುಗಿದ ಮೇಲೆ ಬರುವ ತೆರಿಗೆ

2024ರ ಜೂನ್ ಕೊನೆಯಲ್ಲಿ ನನ್ನ ಕಕ್ಷಿದಾರರೊಬ್ಬರು ಡೀಸೆಲ್ ಬಿಲ್ಲುಗಳ ಕಟ್ಟು ತಂದು ಮೇಜಿನ ಮೇಲಿಟ್ಟರು. ಅವರದು ಲಾರಿ ವ್ಯವಹಾರ. "ಎಲೆಕ್ಷನ್ ಮುಗೀಲಿ ಅಂತಾನೇ ಕಾಯ್ತಿದ್ರಾ ಸಾರ್?" ಎಂದು ಕೇಳಿದರು.

ಲೋಕಸಭೆ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಜೂನ್ 15ಕ್ಕೆ ರಾಜ್ಯದ ಕಾಂಗ್ರೆಸ್ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ, ಪೆಟ್ರೋಲ್‌ನದ್ದನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ ಸುಮಾರು 3 ರೂಪಾಯಿ. 300 ಲೀಟರ್ ಹಾಕಿಸಿದರೆ 900 ರೂಪಾಯಿ ಜಾಸ್ತಿ.

ಆ 14.34 ಎಲ್ಲಿಂದ ಬಂತು ಅನ್ನೋದೂ ಮುಖ್ಯ. 2021ರ ನವೆಂಬರ್ 2ರಂದು ಉಪಚುನಾವಣೆ ಫಲಿತಾಂಶ ಬಂತು. ಆಗಿನ ಬಿಜೆಪಿ ಮುಖ್ಯಮಂತ್ರಿಯ ತವರು ಜಿಲ್ಲೆಯ ಹಾನಗಲ್‌ನಲ್ಲೇ ಪಕ್ಷ ಸೋತಿತು. ಮರುದಿನ ಕೇಂದ್ರ ಎಕ್ಸೈಸ್ ಸುಂಕ ಇಳಿಸಿತು. ಅದರ ಬೆನ್ನಿಗೇ ರಾಜ್ಯವೂ ಲೀಟರಿಗೆ 7 ರೂಪಾಯಿ ಇಳಿಸಿತು. ಡೀಸೆಲ್ ತೆರಿಗೆ ಶೇ 24ರಿಂದ 14.34ಕ್ಕೆ ಬಂದದ್ದು ಹಾಗೆ.

ಎರಡು ಪಕ್ಷ, ಎರಡು ದಾರಿ. ಆದರೆ ಎರಡು ಸಲವೂ ದಿನ ಗೊತ್ತಾದದ್ದು ಮತಪೆಟ್ಟಿಗೆಯ ಲೆಕ್ಕದಲ್ಲಿ ಅಂತಲೇ ನನಗೆ ಅನಿಸುತ್ತದೆ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನೇ ಏರಿಸಿ ಇಳಿಸಬಹುದಾದ ದೊಡ್ಡ ತೆರಿಗೆಗಳು ಕೆಲವೇ: ಪೆಟ್ರೋಲ್–ಡೀಸೆಲ್, ಮದ್ಯ, ಮುದ್ರಾಂಕ, ವಾಹನ. ಹಾಗಾಗಿ ಖರ್ಚು ಹೆಚ್ಚಾದಾಗ ಕೈ ಹೋಗುವುದು ಇವುಗಳ ಮೇಲೇ. ಪಕ್ಷದ ಸಿದ್ಧಾಂತ ಖರ್ಚಿನ ಕಡೆ ಜಾಸ್ತಿ ಕಾಣುತ್ತದೆ, ವಸೂಲಿಯ ಕಡೆ ಕಡಿಮೆ. 2016ರಲ್ಲಿ ಬಿಹಾರ ಪಾನನಿಷೇಧ ತಂದು ಮದ್ಯದ ಆದಾಯವನ್ನೇ ಬಿಟ್ಟಿತು. ಅಂಥದ್ದು ಅಪರೂಪ. ತಮಿಳುನಾಡಿನಲ್ಲಿ ಎಷ್ಟು ಸಲ ಸರ್ಕಾರ ಬದಲಾದರೂ ಸರ್ಕಾರದ್ದೇ ಆದ ಟಾಸ್ಮಾಕ್ ಮದ್ಯದಂಗಡಿಗಳು ಉಳಿದಿವೆ ಅಲ್ವಾ?

ಆಸ್ತಿ ನೋಂದಣಿಯಲ್ಲೂ ಇದೇ ಕಥೆ. ವರ್ಷಗಳ ಕಾಲ ತಡೆದ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತುಮಾಡುವ ಆಸ್ತಿಯ ಕನಿಷ್ಠ ಬೆಲೆ), ವಿಧಾನಸಭೆ ಚುನಾವಣೆ ಕಳೆದು ಐದು ತಿಂಗಳಿಗೆ, 2023ರ ಅಕ್ಟೋಬರ್ 1ಕ್ಕೆ ಸರಾಸರಿ ಶೇ 30ರಷ್ಟು ಏರಿತು. ಊರೊಳಗಿನ 60 ಲಕ್ಷದ ಸೈಟಿನ ದರ 78 ಲಕ್ಷ ಆಯಿತು ಅಂದುಕೊಳ್ಳಿ. ಮುದ್ರಾಂಕ, ನೋಂದಣಿ ಶುಲ್ಕ ಎಲ್ಲ ಸೇರಿ ಆಗಿನ ಶೇ 6.6ರ ಲೆಕ್ಕದಲ್ಲಿ ಒಂದೇ ಏಟಿಗೆ 1,18,800 ರೂಪಾಯಿ ಹೆಚ್ಚಿನ ಹೊರೆ. ಮಗಳ ಮದುವೆಗೆ ಇಟ್ಟ ದುಡ್ಡಿನಿಂದ ಇದನ್ನು ತುಂಬಿದವರು ನನಗೆ ಗೊತ್ತು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸಿದ್ದರೆ ಜನ ಸಿದ್ಧರಾಗಿರುತ್ತಿದ್ದರು.

ಲಾರಿ ಮಾಲೀಕರ ಬಾಡಿಗೆ ಕರಾರಿಗೆ ನಾವು ಒಂದು ಸಾಲು ಸೇರಿಸಿದೆವು: ಡೀಸೆಲ್ ಲೀಟರಿಗೆ 2 ರೂಪಾಯಿ ಏರಿದರೆ ಬಾಡಿಗೆಯೂ ಏರಬೇಕು. 2025ರ ಏಪ್ರಿಲ್ 1ಕ್ಕೆ ತೆರಿಗೆ ಶೇ 21.17 ಆಯಿತು. ಸರಿಯಾಗಿ 2 ರೂಪಾಯಿ ಏರಿತು.